ಭೀಮರಾಜಣ್ಣನ ಕೆಂಪು ಸೂಟು

ಭೀಮರಾಜಣ್ಣನ ಬಗ್ಗೆ ಬರೆಯಬೇಕು ಅಂತ ಮೂರು ವರ್ಷದಿಂದ ಆಸೆ. ಅವರೇ ತಡೆದಿದ್ದರು. "ಆಯಮ್ಮ ಇರೋವರ್ಗೂ ಬ್ಯಾಡ. ಆಮೇಲೆ ಏನಾರ ಬರ್ಕೋ," ಅಂದಿದ್ದರು. ಆಯಮ್ಮ ಅಂದರೆ ಹಂದನಕೆರೆ ಕಡೆಯ ಮೀನಾಕ್ಷಮ್ಮ. ಹೋದ ತಿಂಗಳು ಅವರು ತೀರಿಕೊಂಡರು. ಈಗ ಬರೆಯುತ್ತಿದ್ದೇನೆ.

ಭೀಮರಾಜಣ್ಣ ಯಾರು ಅಂತ ಕಿಬ್ಬನಹಳ್ಳಿ ಸುತ್ತಿನವರಿಗೆ ಹೇಳಬೇಕಾಗಿಲ್ಲ. ಉಳಿದವರು ಕೇಳಿ: ಹೊಟ್ಟೆಪಾಡಿಗೆ ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದವರು. ಯಾರಾದರೂ ಬಾವಿಗೋ ಕೆರೆಗೋ ಬಿದ್ದು ಸಿಗದೆ ಹೋದರೆ ಮುಳುಗಿ ಎತ್ತುತ್ತಿದ್ದವರೂ ಅವರೇ. ಹತ್ತೊಂಬತ್ತು ವರ್ಷದಲ್ಲಿ ಅರವತ್ತೊಂದು ಹೆಣ ಎತ್ತಿದ್ದಾರೆ. ಒಂದನ್ನೂ ಜುಟ್ಟು ಹಿಡಿದು ಎಳೆದವರಲ್ಲ. ಮಲಗಿದ ಮಗುವನ್ನು ಎತ್ತುವ ಹಾಗೆ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ದಡಕ್ಕೆ ಬರುವ ಮೊದಲೇ ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಹೆಣದ ಮುಖಕ್ಕೆ ಮುಚ್ಚಿಬಿಡುತ್ತಿದ್ದರು. ಮನೆಯವರು ಮೊದಲು ಟವಲ್ ನೋಡಲಿ, ಆಮೇಲೆ ಮುಖ ನೋಡಲಿ ಅಂತ. ಇಂಥವರಿಗೆ ಅಭಿಮಾನಿ ಆಗದೆ ಹೇಗಿರುವುದು ಹೇಳಿ?

ಮೊದಮೊದಲು ಅವರ ಹತ್ತಿರ ಸಾಮಾನು ಅಂತ ಏನೂ ಇರಲಿಲ್ಲ. ಚಡ್ಡಿ, ತಲೆಗೆ ಆ ಟವಲ್, ಸೊಂಟಕ್ಕೆ ಹಗ್ಗ, ಮೈಗೆ ಎಣ್ಣೆ. ಎಣ್ಣೆ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ನೆತ್ತಿಯಿಂದ ಹಿಮ್ಮಡಿವರೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೇ ನೀರಿಗೆ ಇಳಿಯುವುದು. ಚಳಿ ತಡೆಯುತ್ತದೆ ಅಂತ ಅವರಪ್ಪ ಕಲಿಸಿದ್ದು. ಆಮೇಲೆ ತುರುವೇಕೆರೆಯ ಬೆಟ್ಟಸ್ವಾಮಿ ಸಿಕ್ಕರು. ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ನಿವೃತ್ತರಾಗಿ, ಊರಲ್ಲಿ ಪಂಪು, ಪೈಪಿನ ಅಂಗಡಿ ಇಟ್ಟವರು. ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರೊಳಗೆ ಉಸಿರಾಡುವುದನ್ನು ತಮ್ಮ ತೋಟದ ತೊಟ್ಟಿಯಲ್ಲೇ ಭೀಮರಾಜಣ್ಣನಿಗೆ ಕಲಿಸಿಕೊಟ್ಟರು.

ಮೂರು ವರ್ಷದ ಹಿಂದೆ, ಪುಷ್ಯಮಾಸದ ಚಳಿಯಲ್ಲಿ, ಮೀನಾಕ್ಷಮ್ಮನ ಒಬ್ಬನೇ ಮಗ ಪರಮೇಶ ಹಳೇ ಕಲ್ಲುಕ್ವಾರಿಯಲ್ಲಿ ಮುಳುಗಿದ. ತೋಟಕ್ಕೆ ನೀರೆತ್ತಲು ತೇಲುವ ಡ್ರಮ್ಮುಗಳ ಮೇಲೆ ಮೋಟರ್ ಕೂರಿಸುತ್ತಿದ್ದ. ಡ್ರಮ್ಮು ಮಗುಚಿ, ಮೋಟರು, ಪೈಪಿನ ಜೊತೆ ಅವನೂ ಕೆಳಗೆ ಹೋದ. ಕ್ವಾರಿ ತೊಂಬತ್ತು ಅಡಿ ಆಳ. ನಾಲ್ಕು ದಿನ ಕೊಕ್ಕೆ ಹಾಕಿ ಎಳೆದರೂ ಸಿಗಲಿಲ್ಲ, ತೇಲಲೂ ಇಲ್ಲ. ತಳ ಅಷ್ಟು ತಣ್ಣಗಿದ್ದರೆ ಹೆಣ ಬೇಗ ಮೇಲೆ ಬರುವುದಿಲ್ಲವಂತೆ.

ಐದನೇ ದಿನ ಭೀಮರಾಜಣ್ಣ ಎಣ್ಣೆ ಹಚ್ಚಿಕೊಂಡು, ಸಿಲಿಂಡರ್ ಕಟ್ಟಿಕೊಂಡು ಇಳಿದರು. ತಳದಲ್ಲಿ ಎಂಟು ನಿಮಿಷವೂ ಇರಲಾಗಲಿಲ್ಲ. ಅಲ್ಲಿ ಏನೂ ಕಾಣುವುದಿಲ್ಲ, ಬೆರಳಿಂದಲೇ ಹುಡುಕಬೇಕು. ಆ ಬೆರಳೇ ಮರಗಟ್ಟಿತು. ಹಲ್ಲು ಕಟಕಟ ಅನ್ನುತ್ತಾ ಮೇಲೆ ಬಂದರು. ಮೀನಾಕ್ಷಮ್ಮ ದಡದಲ್ಲಿ ಅಳದೆ ಕೂತಿದ್ದರು.

"ಸಿಕ್ನಾ?"

"ಇಲ್ಲ ಕಣವ್ವ."

"ಮಣ್ಣಿಗೆ ಕೂರಿಸ್ಬೇಕು ಕಣಪ್ಪ ಅವನ್ನ. ನೀರಲ್ಲಿ ಬುಡಬ್ಯಾಡ."

"ಬುಡಲ್ಲ," ಅಂದರು ಭೀಮರಾಜಣ್ಣ. ಆ ಒಂದು ಮಾತೇ ಅವರನ್ನು ಕಟ್ಟಿಹಾಕಿದ್ದು.

ಮೈಗೆ ನೀರೇ ತಾಗದಂಥ ಡ್ರೈ ಸೂಟ್ ಅಂತ ಒಂದಿದೆ, ಒಳಗೆ ಬೆಚ್ಚನೆ ಬಟ್ಟೆ ಹಾಕಿಕೊಂಡು ಅರ್ಧ ಗಂಟೆ ಇರಬಹುದು ಅಂದರು ಬೆಟ್ಟಸ್ವಾಮಿ. ಕಾರವಾರದ ಹಳೇ ಸ್ನೇಹಿತರಿಗೆ ಫೋನ್ ಹಚ್ಚಿದರು. ಮಾರನೇ ದಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಂದ ಎರಡು ಸೂಟು ಇಳಿದವು. ಒಂದು ಕಪ್ಪು, ಒಂದು ಕೆಂಪು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು.

ಬೆಟ್ಟಸ್ವಾಮಿಯ ತೊಟ್ಟಿಯ ಹತ್ತಿರವೇ ಪರೀಕ್ಷೆ ನಡೆಯಿತು. ಭೀಮರಾಜಣ್ಣನ ಹೆಂಡತಿ ಮಂಗಳಾ ಕಪ್ಪು ಸೂಟನ್ನು ಎತ್ತಿ ಹಿಡಿದು, "ಮದ್ವೆಗೆ ಸೂಟ್ ಹೊಲಿಸ್ಕಳ್ರೀ ಅಂದ್ರೆ ಪಂಚೆ ಸಾಕು ಅಂದ್ರು. ಹೆಣ ಎತ್ತಕ್ಕೆ ಸೂಟು ನೋಡು!" ಅಂದರು.

"ಸುಮ್ನಿರೇ, ಜಿಪ್ ಎಳಿ."

ಬೆಟ್ಟಸ್ವಾಮಿ ಒಂದೊಂದಾಗಿ ಹೇಳಿಕೊಟ್ಟರು. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಬೇಕು, ಎರಡೂ ಕೈ ತಲೆ ಮೇಲೆ ಎತ್ತಬೇಕು, ಬೆನ್ನ ಹಿಂದಿನ ಸಿಲಿಂಡರಿನ ತಿರುಪು ಕೈಗೆ ಎಟುಕಬೇಕು. ಎಲ್ಲೂ ಬಿಗಿಯಬಾರದು, ಎಲ್ಲೂ ಜೋಲಬಾರದು. ಮರ ಹತ್ತಿ ಅಗಲವಾದ ಭುಜ ಎರಡು ಸೂಟಿಗೂ ಹೇಗೋ ಹಿಡಿಸಿತು. ವ್ಯತ್ಯಾಸ ಇದ್ದದ್ದು ಕತ್ತಿನಲ್ಲಿ. ಕಪ್ಪು ಸೂಟಿಗೆ ದಪ್ಪ ಸ್ಪಂಜಿನಂಥ ಪಟ್ಟಿ. ಕೆಂಪಿನದಕ್ಕೆ ಬಲೂನಿನ ಹಾಗೆ ತೆಳುವಾದ ರಬ್ಬರು.

ಕಪ್ಪು ಹಾಕಿಕೊಂಡು ತೊಟ್ಟಿಗೆ ಇಳಿದರೆ ಎದೆಯ ಹತ್ತಿರ ನಾಲ್ಕು ಹನಿ ಒಳಗೆ ಬಂತು. ಕೆಂಪಿನಲ್ಲಿ ಒಂದು ಹನಿಯೂ ಇಲ್ಲ. ಒಳಗಿನ ಬನಿಯನ್ ಇಸ್ತ್ರಿ ಮಾಡಿದ ಹಾಗೇ ಇತ್ತು.

"ಕೆಂಪೇ ಇರ್ಲಿ ಸ್ವಾಮಣ್ಣ."

"ಲೇ ಭೀಮ, ಕಪ್ಪಲ್ಲಿ ನಾಕು ಹನಿ ಬತ್ತದೆ, ಆದ್ರೆ ಕೈ ಕೊಡಲ್ಲ ಕಣ್ಲಾ. ಈ ರಬ್ಬರ್ ನಾಜೂಕು."

"ಆ ತಳದಾಗೆ ನಾಕು ಹನಿ ಅಂದ್ರೆ ಏನು ಅಂತ ನಂಗೊತ್ತು. ನಂಗೆ ಬೆರಳು ಬೇಕು."

ಬೆಟ್ಟಸ್ವಾಮಿ ಒಪ್ಪಿದರು. "ಹಂಗಾರೆ ಪೌಡರ್ ಹಾಕ್ಕೊಂಡು ಮೆಲ್ಲಗೆ ತಲೆ ತೂರಿಸ್ಬೇಕು. ಉಗುರು ತಾಗಿಸ್ಬ್ಯಾಡ." ಹೇಳಿದ್ದು ಅಷ್ಟೇ. ಕಪ್ಪು ಸೂಟು ಸಂಜೆ ಬಸ್ಸಿಗೆ ವಾಪಸ್ ಹೋಯಿತು.

ಏಳನೇ ದಿನ ಬೆಳಿಗ್ಗೆ ಕ್ವಾರಿ ದಡದಲ್ಲಿ ಮೀನಾಕ್ಷಮ್ಮ ಒಂದು ಬಟ್ಟಲು ಹಿಡಿದುಕೊಂಡು ಬಂದರು. ಅವರ ತೋಟದ ಕೊಬ್ಬರಿಯ ಎಣ್ಣೆ, ಪರಮೇಶನೇ ಗಾಣಕ್ಕೆ ಕೊಟ್ಟು ಆಡಿಸಿ ತಂದಿದ್ದು. ಬಿಸಿ ಮಾಡಿ ತಂದಿದ್ದರು. "ಮೊನ್ನೆ ನಡುಗ್ತಿದ್ದೆ ಕಣಪ್ಪ. ಹಚ್ಕೋ." ಭೀಮರಾಜಣ್ಣ ಪೊದೆಯ ಮರೆಗೆ ಹೋಗಿ ಎದೆ, ಕತ್ತು, ಮಣಿಕಟ್ಟು ಎಲ್ಲಕ್ಕೂ ತಿಕ್ಕಿಕೊಂಡು, ಮೇಲೆ ಪೌಡರ್ ಉದುರಿಸಿಕೊಂಡು, ಸೂಟು ಹಾಕಿಕೊಂಡು ಬಂದರು. ರಬ್ಬರು ಸುಲಭವಾಗಿ ಜಾರಿ ಕೂತಿತು. ಬೆಟ್ಟಸ್ವಾಮಿ ಆ ಹೊತ್ತಿಗೆ ಸಿಲಿಂಡರ್ ನೋಡುತ್ತಿದ್ದರು.

ಅಂದು ಎರಡು ಸಲ ಇಳಿದರು. ಚಳಿ ಹತ್ತಿರ ಸುಳಿಯಲಿಲ್ಲ. ಮೋಟರು ಸಿಕ್ಕಿತು, ಪೈಪು ಸಿಕ್ಕಿತು, ಪರಮೇಶ ಸಿಗಲಿಲ್ಲ. ಮಾರನೇ ದಿನ ಮತ್ತೆ ಬಟ್ಟಲು ಬಂತು, ಮತ್ತೆ ಹಚ್ಚಿಕೊಂಡರು.

ಆ ಇಳಿತದಲ್ಲಿ ಸುಮಾರು ಇಪ್ಪತ್ತೈದು ನಿಮಿಷ ಆಗಿರಬೇಕು. ಪೈಪಿನ ಕೆಳಗೆ ಬೆರಳಿಗೆ ಅಂಗಿಯ ಗುಂಡಿ ತಾಗಿತು. ಆಮೇಲೆ ಕೈ. ಪೈಪು ಸರಿಸೋಣ ಅಂತ ಕತ್ತು ಹೊರಳಿಸಿದರು ನೋಡಿ, ಗಂಟಲ ಹತ್ತಿರ ಏನೋ ಮೆತ್ತಗೆ ಬಿಚ್ಚಿಕೊಂಡಂತಾಯಿತು. ಐಸಿನಂಥ ನೀರು ಎದೆಗೆ, ಹೊಟ್ಟೆಗೆ, ಕಾಲಿಗೆ ನುಗ್ಗಿತು. ಸೂಟಿನೊಳಗಿನ ಗಾಳಿಯೆಲ್ಲ ಕತ್ತಿಂದ ಆಚೆ ಹೋಯಿತು. ಆ ಕ್ಷಣವೇ ಹೊರಟಿದ್ದರೆ ನಿಧಾನವಾಗಿ, ನಿಂತು ನಿಂತು, ಮೇಲೆ ಬರಲು ಆಗುತ್ತಿತ್ತು. ಅವರು ಹೊರಡಲಿಲ್ಲ. ಬೆರಳು ಇನ್ನೂ ಅಲ್ಲಾಡುತ್ತಿತ್ತು. ಪೈಪು ಸರಿಸಿ, ಪರಮೇಶನ ಕಂಕುಳ ಕೆಳಗೆ ದಡದಿಂದ ಇಳಿಬಿಟ್ಟಿದ್ದ ಹಗ್ಗ ಸುತ್ತಿ, ಎರಡು ಗಂಟು ಹಾಕಿದರು. ಅಷ್ಟರಲ್ಲಿ ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದು ಉಸಿರು ಕಟ್ಟತೊಡಗಿತು. ನೀರು ತುಂಬಿದ ಸೂಟನ್ನು ಹೊತ್ತು, ಮರ ಹತ್ತುವ ಹಾಗೆ ಹಗ್ಗ ಹತ್ತಿ, ಒಂದೇ ಉಸಿರಿಗೆ ಮೇಲೆ ಬಂದುಬಿಟ್ಟರು.

ಪರಮೇಶನನ್ನು ಬೆಟ್ಟಸ್ವಾಮಿ ಎಳೆದರು. ಅವತ್ತು ಟವಲ್ ಮುಚ್ಚಲು ಭೀಮರಾಜಣ್ಣನಿಗೆ ಏಳಲಾಗಲಿಲ್ಲ. ಮೀನಾಕ್ಷಮ್ಮ ನೇರವಾಗಿ ಮುಖವನ್ನೇ ನೋಡಿದರು.

ಅಷ್ಟು ಆಳದಿಂದ ಹಾಗೆ ಆತುರದಲ್ಲಿ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದಂತೆ. ಅದು ಅವರ ಬೆನ್ನುಹುರಿಗೆ ಹೋಯಿತು. ಬಲಗಾಲು ತೊಡೆಯಿಂದ ಕೆಳಗೆ ಸತ್ತೇಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಚುಚ್ಚಿದರೆ, "ಚುಚ್ಚಿದ್ರಾ?" ಅಂತ ಇವರೇ ಕೇಳುತ್ತಿದ್ದರು.

ಆಸ್ಪತ್ರೆ ಸೇರಿದ ಹನ್ನೊಂದನೇ ದಿನ ಬೆಟ್ಟಸ್ವಾಮಿ ಕೆಂಪು ಸೂಟಿನ ಹರಿದ ಕತ್ತುಪಟ್ಟಿಯನ್ನು ಅಲ್ಲಿಗೆ ತಂದರು. ಬೆರಳಿಗೆ ಅಂಟಂಟಾಗಿ ಬೆಲ್ಲದ ಪಾಕದ ಹಾಗೆ ಎಳೆಯುತ್ತಿತ್ತು. ಮೂಸಿ ನೋಡಿದ್ದರು.

"ಲೇ ಭೀಮ, ಎಣ್ಣೆ ಹಚ್ಕಂಡಿದ್ದೇನ್ಲಾ?"

"ಹೂಂ ಮತ್ತೆ. ಹಚ್ಕಳ್ದೆ ಯಾವತ್ತು ಇಳ್ದಿದ್ದೀನಿ?"

"ಈ ರಬ್ಬರಿಗೆ ಎಣ್ಣೆ ತಾಗಿಸ್ಬಾರ್ದು ಕಣ್ಲಾ. ತಿಂದಾಕ್ಬುಡ್ತದೆ. ಪೌಡರ್ ಅಂದ್ನಲ್ಲೋ!"

"ಪೌಡ್ರೂ ಹಾಕ್ಕಂಡೆ. ಎಣ್ಣೆ ಮೇಲೆ."

ಬೆಟ್ಟಸ್ವಾಮಿ ತಲೆ ಹಿಡಿದುಕೊಂಡು ಕೂತರು. ಎಣ್ಣೆ ಬೇಡ ಅಂತ ಒಂದು ಮಾತು ಹೇಳಬೇಕಿತ್ತು. ತೆಂಗಿನ ನಾಡಲ್ಲೇ ಹುಟ್ಟಿದ ತಮಗೇ ಅದು ಹೊಳೆಯಲಿಲ್ಲವಲ್ಲ ಅಂತ.

ಆಗಲೇ ಬಾಗಿಲಲ್ಲಿ ಮೀನಾಕ್ಷಮ್ಮ ಕಾಣಿಸಿಕೊಂಡರು. ಮಗನ ಕಾರ್ಯವೆಲ್ಲ ಮುಗಿಸಿ ಬಂದಿದ್ದರು. ಕೈಯಲ್ಲಿ ಅದೇ ಬಟ್ಟಲು.

ಬೆಟ್ಟಸ್ವಾಮಿ ಎದ್ದು ನಿಂತರು. "ಅಮ್ಮಾ, ಈ ಎಣ್ಣೆ..."

"ಸ್ವಾಮಣ್ಣ," ಅಂದರು ಭೀಮರಾಜಣ್ಣ, "ಹೊರಗ್ಹೋಗಿ ಒಂದು ಟೀ ತಗಂಬಾ."

ಬೆಟ್ಟಸ್ವಾಮಿ ಕತ್ತುಪಟ್ಟಿಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಹೋದರು. ಮೀನಾಕ್ಷಮ್ಮ ಮಂಚದ ತುದಿಯಲ್ಲಿ ಕೂತು, ಹೊದಿಕೆ ಸರಿಸಿ, ಆ ಬಲಗಾಲಿಗೆ ಎಣ್ಣೆ ತಿಕ್ಕತೊಡಗಿದರು. ಆಮೇಲೆ ಪ್ರತಿ ಸೋಮವಾರ ಹಂದನಕೆರೆಯಿಂದ ಬಸ್ಸು ಹತ್ತಿ ಬಂದು, ಸಾಯುವ ವಾರದ ತನಕ ಹೀಗೇ ತಿಕ್ಕಿದರು. ಪ್ರತಿ ಸಲವೂ ಕೇಳಿದ್ದು ಒಂದೇ ಮಾತು.

"ಏನಾರ ಗೊತ್ತಾಯ್ತದಾ ಮಗ?"

"ಹೂಂ ಕಣವ್ವ. ಬೆಚ್ಚಗೆ ಗೊತ್ತಾಯ್ತದೆ."