ಹೊಸ ಕ್ಯಾಬಿನೆಟ್ಟಿನ ಒಕ್ಕಲು

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗುರುಪಾದಸ್ವಾಮಿಯವರಿಗೆ, ತುಕ್ಕು ಹಿಡಿದ ಕ್ಯಾಬಿನೆಟ್ಟಿನಿಂದ ಬಿಡಿಭಾಗಗಳನ್ನು ಹೊಸದಕ್ಕೆ ಸಾಗಿಸುವುದೆಂದರೆ ಮನೆ ಒಕ್ಕಲಿನಷ್ಟೇ ಗಂಭೀರ ಕಾರ್ಯ. ಅಮಾವಾಸ್ಯೆಯಂದು ಅವರು ಸ್ಕ್ರೂ ಮುಟ್ಟುವುದಿಲ್ಲ. ಮದರ್‌ಬೋರ್ಡನ್ನು ಹಸುಗೂಸಿನಂತೆ ಎರಡೂ ಕೈಗಳಲ್ಲಿ ಎತ್ತುತ್ತಾರೆ. ಹೊಸ ಡಬ್ಬಕ್ಕೆ ವಿಭೂತಿ ಹಚ್ಚದೆ ಒಂದು ವೈರನ್ನೂ ಜೋಡಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಮೊದಲ ಸಲ ಸ್ವಿಚ್ ಒತ್ತಬೇಕಾದವರು ಮಾತ್ರ ಯಂತ್ರದ ಒಡೆಯರೇ. ಗಂಡ ತೀರಿಕೊಂಡ ಮೇಲೆ ಅವನ ಟೈಪಿಂಗ್ ಅಂಗಡಿಯನ್ನು ತಾವೇ ನಡೆಸಲು ಹೊರಟ ಹರದನಹಳ್ಳಿಯ ಶಾಂತಮಲ್ಲಮ್ಮ ಮೊನ್ನೆ ಹೊಸ ಡಬ್ಬಕ್ಕೆ ಸೇರಿದ ತಮ್ಮ ಕಂಪ್ಯೂಟರಿನ ಸ್ವಿಚ್ಚಿನ ಮುಂದೆ ಹಿಂಜರಿದರು. “ಗಂಡ ಇಲ್ದೋಳ್ ಕೈ ಇಂಥದ್ಕೆ ಬ್ಯಾಡ ಕಣಣ್ಣ, ನೀನೇ ಒತ್ಬುಡು.” “ನಾಳಿಂದ ಅಂಗ್ಡಿ ಬಾಗ್ಲು ತೆಗೆಯೋದು ನಾನಾ, ನೀನಾ? ಒತ್ತವ್ವ,” ಎಂದು ಗುರುಪಾದಸ್ವಾಮಿಯವರು ಕೈಕಟ್ಟಿ ಕುಳಿತರು. ಬಾಗಿಲಲ್ಲಿ ಕಾಯುತ್ತಿದ್ದ ಬೇರೆ ಗಿರಾಕಿಗಳು ತಡವಾಯಿತೆಂದು ಗೊಣಗಿದರು. ಆಕೆಯ ಬೆರಳು ಸ್ವಿಚ್ಚನ್ನು ಒತ್ತಿ ಒಳಗಿನ ಫ್ಯಾನು ತಿರುಗುವವರೆಗೂ ಗುರುಪಾದಸ್ವಾಮಿಯವರು ಕಟ್ಟಿದ ಕೈ ಬಿಚ್ಚಲಿಲ್ಲ.