ಕೊನೆಯನ್ನಾದರೂ ಬದಲಾಯಿಸಬಾರದಿತ್ತೇ

ಶುಕ್ರವಾರ ಬಂತೆಂದರೆ ನನಗೆ ತಳಮಳ ಶುರುವಾಗುತ್ತಿದ್ದ ಒಂದು ಕಾಲವಿತ್ತು. ಶುಕ್ರವಾರ ಹೊಸ ಸಿನಿಮಾಗಳು ಬಿಡುಗಡೆಯಾಗುವ ದಿನ. ತಳಮಳ ಆಗಬೇಕಾದದ್ದು ನಿರ್ಮಾಪಕನಿಗೆ, ನಿರ್ದೇಶಕನಿಗೆ, ಹೆಚ್ಚೆಂದರೆ ನಾಯಕನ ಅಭಿಮಾನಿ ಸಂಘದ ಅಧ್ಯಕ್ಷನಿಗೆ. ನಾನು ಇವರಲ್ಲಿ ಯಾರೂ ಅಲ್ಲ. ಚೆನ್ನೈನ ಗಿಂಡಿಯ ಒಂದು ವಿಮಾ ಕಚೇರಿಯಲ್ಲಿ ಕೂತು ಬೇರೆಯವರ ಅಪಘಾತಗಳ ಕ್ಲೇಮು ನೋಡುತ್ತಿದ್ದ ಬಡಪಾಯಿ. ಹಾಗಿದ್ದೂ ಒಂದು ಕನ್ನಡ ಸಿನಿಮಾ ತೆರೆಗೇ ಬರದಿರಲಿ, ಡಬ್ಬದಲ್ಲೇ ಕೊಳೆಯಲಿ ಎಂದು ಸುಮಾರು ಒಂದು ವರ್ಷ ಮನಸಾರೆ ಹಾರೈಸಿದ್ದೇನೆ. ಆ ನಿರ್ಮಾಪಕರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ, ಆದರೆ ಪೂರ್ತಿ ಕೇಳಿದ ಮೇಲೆ ಬರಲಿ.

ಸಿನಿಮಾದ ವಿಷಯದಲ್ಲಿ ಚೆನ್ನೈ ಕನ್ನಡಿಗರದು ಒಂದು ವಿಚಿತ್ರ ಅವಸ್ಥೆ. ಊರಿನವರು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ‘ಹೊಸ’ ಕಥೆಯ ಕೊನೆ ನಮಗೆ ವರ್ಷದ ಹಿಂದೆಯೇ ಗೊತ್ತಿರುತ್ತದೆ. ಯಾಕೆಂದರೆ ಅದರ ತಮಿಳು ಮೂಲವನ್ನು ನಾವು ಇಲ್ಲಿ ಹಲ್ಲಿಗೆ ಸಿಕ್ಕಿದ ಪಾಪ್‌ಕಾರ್ನಿನ ಸಮೇತ ನೋಡಿ ಮುಗಿಸಿರುತ್ತೇವೆ. ಊರಿಗೆ ಹೋದಾಗ ಭಾವಮೈದ ಉತ್ಸಾಹದಿಂದ ಹೊಸ ಪಿಕ್ಚರಿನ ಕಥೆ ಹೇಳತೊಡಗಿದರೆ ‘ಓಹೋ, ಹೌದಾ, ಆಮೇಲೆ?’ ಎಂದು ಆಶ್ಚರ್ಯ ನಟಿಸಬೇಕು. ಇತ್ತ ಆಫೀಸಿನಲ್ಲಿ ಪಕ್ಕದ ಸೀಟಿನವನು ‘ಎನ್ನ ಸಾರ್, ಎಂಗ ಪಡಂ ದಾನೆ ಉಂಗ ಊರ್ಲ ಓಡುದು?’ ಎಂದು, ನಮ್ಮೂರಿನಲ್ಲಿ ಓಡುತ್ತಿರುವುದೆಲ್ಲ ಅವನ ಅಪ್ಪನ ಮನೆಯ ಸಿನಿಮಾ ಎಂಬಂತೆ ಕಿಚಾಯಿಸಿದರೆ ಅದಕ್ಕೂ ಹಲ್ಲು ಕಿರಿಯಬೇಕು. ಎರಡೂ ಕಡೆ ನಟನೆ ನಮ್ಮದೇ, ಸಂಭಾವನೆ ಮಾತ್ರ ಬೇರೆಯವರಿಗೆ.

ರೀಮೇಕೋ ಸ್ವಮೇಕೋ ಎಂಬ ಜಗಳ ಆಗ ಕನ್ನಡ ಪತ್ರಿಕೆಗಳಲ್ಲಿ ಜೋರಾಗಿತ್ತು. ಅದರ ಒಂದು ಶಾಖೆ ಬೆಸೆಂಟ್ ನಗರದ ಸಮುದ್ರ ದಂಡೆಯಲ್ಲೂ ಇತ್ತು. ಭಾನುವಾರ ಸಂಜೆ ಅಲ್ಲಿ ನಾವು ಕೆಲವರು ಕನ್ನಡಿಗರು ಸೇರುತ್ತಿದ್ದೆವು. ಬ್ಯಾಂಕಿನಿಂದ ನಿವೃತ್ತರಾದ ಶ್ರೀಕಂಠಯ್ಯನವರು ಸ್ವಮೇಕ್ ಪಕ್ಷದ ನಾಯಕರು. ‘ರೀಮೇಕು ಅಂದ್ರೆ ಇನ್ನೊಬ್ರ ಎಂಜಲು ಕಣ್ರೀ. ನಮಗೇನು ಕಥೆಗೆ ಬರವೇ?’ ಎಂದು ಮರಳಿನ ಮೇಲೆ ಕೋಲು ಕುಟ್ಟುತ್ತಿದ್ದರು. ನಾನು ರೀಮೇಕ್ ಪಕ್ಷ. ನಮ್ಮ ಮನೆಯ ಹುಳಿ ಇಲ್ಲಿನವರ ಮನೆಯಲ್ಲಿ ಸಾಂಬಾರಾಗಿಲ್ಲವೇ? ಮದರಾಸು ಎಂಬ ಊರೇ ಹೆಸರು ಬದಲಾಯಿಸಿಕೊಂಡು ಹೊಸದಾಗಿ ಬಿಡುಗಡೆಯಾಗಿಲ್ಲವೇ? ಒಳ್ಳೆಯ ಕಥೆ ನಾಲ್ಕು ಭಾಷೆಯವರ ಬಾಯಿಗೆ ಬಿದ್ದರೆ ನಷ್ಟ ಯಾರಿಗೆ? ಹೀಗೆಲ್ಲ ವಾದಿಸುತ್ತಿದ್ದೆ. ವಾದಿಸುವಾಗ ನನ್ನ ಮನೆಯಲ್ಲೇ ಒಂದು ರೀಮೇಕ್ ತಯಾರಾಗಲಿದೆ ಎಂದು ನನಗೇನು ಗೊತ್ತು?

ನಮ್ಮಮ್ಮನಿಗೆ ಸಿನಿಮಾ ಎಂದರೆ ಪ್ರಾಣ. ತಿಪಟೂರಿನಲ್ಲಿದ್ದಾಗ ಟೆಂಟಿಗೆ ಬಂದ ಯಾವ ಪಿಕ್ಚರನ್ನೂ ಬಿಟ್ಟವರಲ್ಲ. ನಮ್ಮ ಜೊತೆ ಇರಲು ಮೈಲಾಪೂರಿನ ಫ್ಲ್ಯಾಟಿಗೆ ಬಂದ ಮೇಲೂ ಆ ಚಟ ಹೋಗಲಿಲ್ಲ. ತಮಿಳು ಮಾತ್ರ ಬರಲಿಲ್ಲ. ‘ವಾಂಗೊ’, ‘ಪೋಂಗೊ’, ‘ಎವ್ವಳವು’, ಅಂದರೆ ಬನ್ನಿ, ಹೋಗಿ, ಎಷ್ಟು, ಈ ಮೂರು ಪದಗಳಲ್ಲಿ ಸೊಪ್ಪಿನವಳೊಂದಿಗೆ ಸಂಸಾರ ನಡೆಸುತ್ತಿದ್ದರು. ಉಳಿದದ್ದಕ್ಕೆಲ್ಲ ನನ್ನ ಹೆಂಡತಿ ಮಂಗಳಾ. ಅವಳು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ತಮಿಳು ನೀರು ಕುಡಿದಷ್ಟು ಸಲೀಸು. ಥಿಯೇಟರಿನಲ್ಲಿ ಅಮ್ಮನ ಕಿವಿಗೆ ಬಾಯಿಟ್ಟು ಒಂದೊಂದು ಮಾತನ್ನೂ ಕನ್ನಡಕ್ಕೆ ತರುತ್ತಿದ್ದಳು. ನಾಯಕ ಸಿಟ್ಟಾದರೆ ಇವಳೂ ಹಲ್ಲು ಕಚ್ಚಿ ಪಿಸುಗುಟ್ಟುವಳು. ಹಾಸ್ಯ ಬಂದರೆ ಅಮ್ಮ ಇಡೀ ಥಿಯೇಟರಿಗಿಂತ ಅರ್ಧ ನಿಮಿಷ ತಡವಾಗಿ ನಗುವರು. ಮುಂದಿನ ಸಾಲಿನವರು ತಿರುಗಿ ನೋಡಿದರೆ ನಾನು ಇವರಿಬ್ಬರಿಗೂ ಸಂಬಂಧವೇ ಇಲ್ಲದವನ ಹಾಗೆ ಕೂರುವೆ.

ಒಂದು ಶನಿವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಎಡಗಣ್ಣು ಮಂಜಾಗಿದೆ ಎನ್ನುತ್ತಿದ್ದರು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡಿದ್ದೆವು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಇದು ಪೊರೆಯಲ್ಲ, ಕಣ್ಣಿನ ಒತ್ತಡ; ಎಡಗಣ್ಣಿನ ನರ ಹಾಳಾಗಿದೆ, ಅದರ ದೃಷ್ಟಿ ಮತ್ತೆ ಬರುವುದಿಲ್ಲ; ದಿನವೂ ತಪ್ಪದೆ ಹನಿ ಹಾಕಿದರೆ ಬಲಗಣ್ಣನ್ನು ಉಳಿಸಿಕೊಳ್ಳಬಹುದು ಎಂದು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಅಮ್ಮ ಅಭ್ಯಾಸದಂತೆ ಮಂಗಳಾಳ ಮುಖ ನೋಡಿದರು. ಮಂಗಳಾ, ‘ಡ್ರಾಪ್ಸ್ ಬಿಡದೆ ಹಾಕಿದ್ರೆ ಮೆಲ್ಲಮೆಲ್ಲಗೆ ಎರಡೂ ಸರಿಹೋಗುತ್ತಂತೆ ಅತ್ತೆ’ ಎಂದಳು. ಅಮ್ಮ ಡಾಕ್ಟರಿಗೆ ಕೈಮುಗಿದರು.

ಮಾರನೆಯ ದಿನ ಅಮ್ಮನ ಮನಸ್ಸಿಗಿಂತ ನಮ್ಮ ಮನಸ್ಸು ಹಗುರವಾಗಲಿ ಎಂದು ಸಿನಿಮಾಕ್ಕೆ ಹೋದೆವು. ತಂದೆತಾಯಿ ಇಲ್ಲದ ತಮ್ಮನನ್ನು ಇಸ್ತ್ರಿ ಗಾಡಿ ಇಟ್ಟುಕೊಂಡು ಸಾಕುವ ಅಕ್ಕನ ಕಥೆ. ತಮ್ಮ ದೊಡ್ಡವರ ಮನೆಯ ಅಳಿಯನಾಗಿ, ಕೊನೆಗೆ ರೈಲು ಹತ್ತಿ, ‘ಇನ್ನು ನಾನು ಬರುವುದಿಲ್ಲ, ನನಗಾಗಿ ಕಾಯಬೇಡ’ ಎಂದು ಹೇಳಿ ಹೊರಟುಬಿಡುತ್ತಾನೆ. ಅಕ್ಕನ ಅಳುವ ಮುಖ ಪರದೆ ತುಂಬ ನಿಲ್ಲುತ್ತದೆ. ಅಷ್ಟರಲ್ಲಿ ಅಮ್ಮನ ಸೆರಗು ಒದ್ದೆಯಾಗಿತ್ತು. ಮಂಗಳಾ ಅವರ ಕಡೆ ನೋಡಿದಳು, ಪರದೆ ನೋಡಿದಳು, ಬಗ್ಗಿ ಪಿಸುಗುಟ್ಟಿದಳು: ‘ಎರಡು ತಿಂಗಳಲ್ಲಿ ಬಂದು ಕರ್ಕೊಂಡು ಹೋಗ್ತೀನಿ ಅಂತಿದ್ದಾನೆ ಅತ್ತೆ. ಅವಳು ಸಂತೋಷಕ್ಕೆ ಅಳ್ತಿರೋದು.’ ಅಮ್ಮ ಮೂಗು ಒರೆಸಿಕೊಂಡು, ‘ಸದ್ಯ!’ ಎಂದರು.

ನಮ್ಮೂರಿನ ಹರಿಕಥೆ ದಾಸರು ಹೀಗೇ ಮಾಡುತ್ತಿದ್ದರು. ಎದುರಿಗೆ ಕೂತವರ ಮನೆಯಲ್ಲಿ ಈಚೆಗೆ ಸಾವಾಗಿದ್ದರೆ, ಕಥೆಯಲ್ಲಿ ಸಾವು ಬರುವ ಜಾಗಕ್ಕೆ ಹತ್ತಿರವಾಗುತ್ತಿದ್ದಂತೆ ಚಿಟಿಕೆ ಹಾಕಿ ಒಂದು ಭಜನೆ ಎತ್ತಿಕೊಂಡು, ಮುಗಿಸುವಾಗ ಸಾವಿನ ಮಾತೆತ್ತದೆ ಹೊಳೆಯ ಆ ದಡದಲ್ಲಿರುತ್ತಿದ್ದರು. ಕಥೆ ಗೊತ್ತಿದ್ದ ಊರಿನವರೂ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ದಾಸರಿಗೆ ಒಂದು ಅನುಕೂಲವಿತ್ತು: ಮುಂದಿನ ವರ್ಷ ಬೇರೆ ಊರಿನವರು ಬಂದು ಅದೇ ಕಥೆಯನ್ನು ಬಣ್ಣದಲ್ಲಿ, ಅಚ್ಚ ಕನ್ನಡದಲ್ಲಿ ತೋರಿಸುವ ಭಯ ಇರಲಿಲ್ಲ.

ನಮಗೆ ಆ ಭಯ ಒಂದು ಶುಕ್ರವಾರ ಬಂತು. ಬೆಂಗಳೂರಿನ ಪತ್ರಿಕೆ ನಮ್ಮ ಮನೆಗೆ ಬರುವಾಗ ಮಧ್ಯಾಹ್ನವಾಗುತ್ತಿತ್ತು. ಅಮ್ಮ ಊಟ ಮುಗಿಸಿ ಸಿನಿಮಾ ಪುಟವನ್ನು ಬಲಗಣ್ಣಿನ ಹತ್ತಿರ ಹಿಡಿದು ಓದುತ್ತಿದ್ದವರು, ನಾನು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೂಗಿದರು. ‘ಲೋ, ನಾವು ನೋಡಿದ್ವಲ್ಲ ಇಸ್ತ್ರಿ ಗಾಡಿ ಪಿಕ್ಚರು, ಅದು ಕನ್ನಡದಲ್ಲಿ ಬರುತ್ತಂತೆ ಕಣೋ! ಅಷ್ಟು ಹೊತ್ತಿಗೆ ಈ ಕಣ್ಣೂ ಬಂದಿರುತ್ತೆ. ಎರಡೂ ಕಣ್ಣಲ್ಲಿ ನೋಡ್ತೀನಿ.’

ಅಡಿಗೆಮನೆಯಲ್ಲಿ ಮಂಗಳಾ ಲೋಟ ಬೀಳಿಸಿದಳು. ನಾನು ಒಳಗೆ ಹೋದರೆ, ‘ಹೊಟ್ಟೇಲಿ ಹುಣಸೇಹುಳಿ ಕಲಸಿದ ಹಾಗಾಗ್ತಿದೆ ರೀ’ ಎಂದಳು. ಅದು ತಮಿಳರು ಭಯಕ್ಕೆ ಹೇಳುವ ಮಾತು. ಕನ್ನಡದಲ್ಲಿ ಹೀಗೆ ಹೇಳುತ್ತಾರೋ ಇಲ್ಲವೋ ಎಂದು ತಕರಾರು ತೆಗೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಿನಿಮಾದ ಸುಳ್ಳು ಗೊತ್ತಾದರೆ ಏನು ಮಹಾ, ನಕ್ಕುಬಿಡಬಹುದು. ಆದರೆ ನಮ್ಮಮ್ಮ ಅಲ್ಲಿಗೇ ನಿಲ್ಲುವವರಲ್ಲ. ಶನಿವಾರ ಡಾಕ್ಟರು, ಭಾನುವಾರ ಸಿನಿಮಾ, ಎರಡನ್ನೂ ಕನ್ನಡಕ್ಕೆ ತಂದದ್ದು ಒಂದೇ ಬಾಯಿ. ಈ ಊರಿನಲ್ಲಿ ಅಮ್ಮನಿಗೆ ಇದ್ದ ಕಿವಿಯೇ ಮಂಗಳಾ. ಆ ಕಿವಿಯ ಮೇಲಿನ ನಂಬಿಕೆ ಹೋದರೆ? ‘ಎಲ್ಲ ಸುಳ್ಳು’ ಎಂದು ಹನಿ ಹಾಕಿಸಿಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರೆ? ಇದ್ದ ಒಂದು ಕಣ್ಣೂ ಹೋಗುತ್ತದಲ್ಲ! ‘ನಿಜ ಹೇಳಿಬಿಡೋಣ’ ಎಂದು ವಾರಕ್ಕೊಮ್ಮೆ ತೀರ್ಮಾನಿಸುತ್ತಿದ್ದೆವು. ಬೆಳಿಗ್ಗೆ ಎದ್ದರೆ ಅಮ್ಮ ಬಲಗಣ್ಣಿಗೆ ಅಂಗೈ ಮುಚ್ಚಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ‘ಇವತ್ತು ಒಂಚೂರು ಬೆಳಕು ಜಾಸ್ತಿ ಇದ್ದ ಹಾಗಿದೆ’ ಎನ್ನುತ್ತಿದ್ದರು. ನಮ್ಮ ತೀರ್ಮಾನ ಅಲ್ಲೇ ಕರಗಿಹೋಗುತ್ತಿತ್ತು.

ಉಳಿದದ್ದೊಂದೇ ದಾರಿ, ಆ ಸಿನಿಮಾ ಬರಬಾರದು. ಯುಗಾದಿಗೆ ಎಂದರು, ಬರಲಿಲ್ಲ. ನನಗೆ ಹಬ್ಬ ಸಿಹಿಯಾಯಿತು. ಗಣೇಶನ ಹಬ್ಬಕ್ಕೆ ಎಂದರು, ನಾಯಕಿಗೂ ನಿರ್ದೇಶಕನಿಗೂ ಮುನಿಸು ಎಂದು ಓದಿ ದೇವರಿಗೆ ಎರಡು ಕಡುಬು ಹೆಚ್ಚಿಗೆ ಇಟ್ಟೆ. ಅಮ್ಮ ಮಾತ್ರ ಪ್ರತಿ ಸಲವೂ, ‘ತಡ ಆದಷ್ಟೂ ಒಳ್ಳೇದೇ ಬಿಡು, ಕಣ್ಣು ಬರೋಕೆ ಟೈಮ್ ಸಿಗುತ್ತೆ’ ಎಂದು ಸಮಾಧಾನ ಹೇಳುವರು. ಆ ಸಮಾಧಾನ ಕೇಳುವುದಕ್ಕಿಂತ ಬೈಸಿಕೊಳ್ಳುವುದು ವಾಸಿ. ಸಮುದ್ರ ದಂಡೆಯಲ್ಲಿ ನಾನು ರಾತ್ರೋರಾತ್ರಿ ಪಕ್ಷಾಂತರ ಮಾಡಿದೆ. ರೀಮೇಕುಗಳನ್ನು ಸರ್ಕಾರ ನಿಷೇಧಿಸಬೇಕು ಎಂದು ನಾನು ಗುಡುಗಿದಾಗ ಶ್ರೀಕಂಠಯ್ಯನವರು ಕೋಲು ಕುಟ್ಟುವುದನ್ನೂ ಮರೆತು, ‘ಮೈಗೆ ಹುಷಾರಾಗಿದ್ದೀರಿ ತಾನೇ?’ ಎಂದು ಕೇಳಿದರು.

ಕೊನೆಗೂ ಅದು ಬಿಡುಗಡೆಯಾಯಿತು, ಕರ್ನಾಟಕದಲ್ಲಿ. ಇಲ್ಲಿಗೆಲ್ಲಿ ಬರುತ್ತದೆ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಒಂದು ಸಂಜೆ ಶ್ರೀಕಂಠಯ್ಯನವರು ಮನೆಗೆ ಬಂದರು. ನಮ್ಮ ಕನ್ನಡ ಬಳಗದಿಂದ ಭಾನುವಾರ ಬೆಳಗಿನ ಆಟಕ್ಕೆ ಅದೇ ಚಿತ್ರ ತರಿಸಿದ್ದಾರಂತೆ. ‘ಎಂಜಲು ಅಂತಿದ್ರಲ್ಲ ಸಾರ್?’ ಎಂದೆ. ‘ಎಂಜಲೇ ಕಣ್ರೀ. ಆದ್ರೆ ಪರದೇಶದಲ್ಲಿ ಕನ್ನಡ ಕಿವಿಗೆ ಬೀಳುತ್ತೆ ಅಂದ್ರೆ ಎಂಜಲಾದ್ರೂ ಪರವಾಗಿಲ್ಲ’ ಎಂದು ಅಮ್ಮನ ಕೈಗೇ ಟಿಕೆಟ್ ಕೊಟ್ಟರು.

ಕೊನೆಯ ಆಸೆಯೊಂದಿತ್ತು. ನಮ್ಮವರು ರೀಮೇಕ್ ಮಾಡುವಾಗ ಮೂಲವನ್ನು ಕೆಡಿಸುತ್ತಾರೆ ಎಂಬುದು ಎಲ್ಲರೂ ಹೊರಿಸುವ ಆರೋಪ. ಕೆಡಿಸಲಿ ದೇವರೇ, ಚೆನ್ನಾಗಿ ಕೆಡಿಸಲಿ ಎಂದು ಬೇಡಿಕೊಂಡು ಕೂತೆ. ಆರಂಭವೇನೋ ಭರವಸೆ ಹುಟ್ಟಿಸಿತು. ಇಸ್ತ್ರಿ ಗಾಡಿ ಇಡ್ಲಿ ಗಾಡಿಯಾಗಿತ್ತು. ತಮ್ಮನಿಗೆ ಹಿಮದ ಮೇಲೆ ಒಂದು ಹಾಡು, ಯಾರಿಗೂ ಸಂಬಂಧವಿಲ್ಲದ ಒಬ್ಬ ಹಾಸ್ಯಗಾರ, ನಾಲ್ಕು ಹೊಡೆದಾಟ. ರೈಲೂ ಹೋಗಿ ಬಸ್ಸು ಬಂದಿತ್ತು. ಮಂಗಳಾ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಬಸ್ಸಿನ ಕಿಟಕಿಯಿಂದ ತಮ್ಮ ತಲೆ ಹೊರಗೆ ಹಾಕಿ, ಅಚ್ಚ ಕನ್ನಡದಲ್ಲಿ, ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದ: ‘ಇನ್ನು ನಾನು ಬರಲ್ಲ ಅಕ್ಕ. ನನಗೋಸ್ಕರ ಕಾಯಬೇಡ.’ ಅಯ್ಯೋ ಪುಣ್ಯಾತ್ಮರೇ, ಎಲ್ಲವನ್ನೂ ಬದಲಾಯಿಸಿದಿರಿ, ಕೊನೆಯನ್ನಾದರೂ ಬದಲಾಯಿಸಬಾರದಿತ್ತೇ?

ಅಮ್ಮ ಅಳಲಿಲ್ಲ. ಮಂಗಳಾಳ ಕಡೆ ತಿರುಗಲೂ ಇಲ್ಲ. ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಬಿಳಿ ಪರದೆಯನ್ನೇ ನೋಡುತ್ತಿದ್ದರು. ಆಟೋದಲ್ಲಿ ಬರುವಾಗ ಒಮ್ಮೆ ಬಲಗಣ್ಣಿಗೆ ಅಂಗೈ ಮುಚ್ಚಿ ರಸ್ತೆಯ ಕಡೆ ಮುಖ ಮಾಡಿದರು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಹುಳಿಗೆ ಯಾವ ತರಕಾರಿ ಇದೆ ಮನೇಲಿ?’ ಎಂದು ಕೇಳಿದರು, ಅಷ್ಟೆ. ಮಧ್ಯಾಹ್ನ ಮಂಗಳಾ ಊಟ ಮಾಡಲಿಲ್ಲ.

ಸಂಜೆ ತಿಪಟೂರಿನಿಂದ ಚಿಕ್ಕಮ್ಮನ ಫೋನು. ಅಮ್ಮನ ತಂಗಿ, ಅಕ್ಕ ನೋಡಿದ ಪಿಕ್ಚರಿನ ಕಥೆ ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕೂತೆ. ಮಂಗಳಾ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಇಡ್ಲಿ ಗಾಡಿ, ಹಿಮದ ಹಾಡು ಎಲ್ಲ ಹೇಳಿ ಬಸ್ ಸ್ಟ್ಯಾಂಡಿಗೆ ಬಂದರು. ‘ಕೊನೇಲಾ? ಕೊನೇಲಿ ತಮ್ಮ ಎರಡು ತಿಂಗಳಲ್ಲಿ ಬಂದು ಕರ್ಕೊಂಡು ಹೋಗ್ತೀನಿ ಅಂತಾನೆ ಕಣೆ. ಅವಳು ಸಂತೋಷಕ್ಕೆ ಅಳ್ತಾಳೆ.’

ನಾನು ಪತ್ರಿಕೆ ಇಳಿಸಿದೆ. ಆ ಕಡೆಯಿಂದ ಚಿಕ್ಕಮ್ಮ ಕಣ್ಣಿನ ವಿಷಯ ಕೇಳಿರಬೇಕು. ಅಮ್ಮ ದನಿ ತಗ್ಗಿಸದೆ ಹೇಳಿದರು: ‘ಎಡಗಡೇದು ಹೋಯ್ತು ಕಣೆ. ಅದು ಇನ್ನು ಬರಲ್ಲ. ಡಾಕ್ಟ್ರು ಅವತ್ತೇ ಹೇಳಿದಾರೆ ಅಂತ ಕಾಣುತ್ತೆ, ನಂಗೆ ಗೊತ್ತಾಗಿದ್ದು ಇವತ್ತು. ಒಂದು ಪಿಕ್ಚರ್ ನೋಡಿ ನಾನು ಅಳ್ತೀನಿ ಅಂತ ಕಥೆ ಬದಲಾಯ್ಸೋ ಹುಡುಗಿ, ಇದನ್ನ ಬಿಟ್ಟಿರ್ತಾಳಾ? ಬೇಜಾರಾ? ಆಗದೇ ಇರುತ್ತಾ... ದಿನಾ ಕ್ಯಾಲೆಂಡರ್ ಮುಂದೆ ನಿಂತ್ಕೋತಿದ್ನಲ್ಲ, ಅದು ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಇರ್ಲಿ. ನೀನು ಅವಳನ್ನ ಕೇಳೋಕೆ ಹೋಗ್ಬೇಡ, ಪಾಪ, ಮಧ್ಯಾಹ್ನ ಊಟ ಬಿಟ್ಟಿದ್ದಾಳೆ.’

ಫೋನಿಟ್ಟರು. ಮಂಗಳಾ ಹನಿಯ ಬಾಟಲಿ ಹಿಡಿದು ಬಂದಳು. ಅವಳ ಕಣ್ಣಿನಿಂದ ಧಾರೆ ಹರಿಯುತ್ತಿತ್ತು. ಅಮ್ಮನ ಕಣ್ಣಿಗೆ ಯಾವ ಹನಿ ಬೀಳುತ್ತದೋ ಹೇಳಲು ಬರುವಂತಿರಲಿಲ್ಲ. ಅಮ್ಮ ಕುರ್ಚಿಗೆ ಒರಗಿ ಮುಖ ಮೇಲೆತ್ತಿ ಅವಳ ಮಣಿಕಟ್ಟು ಹಿಡಿದುಕೊಂಡರು.

‘ಸರಿಯಾಗಿ ಹಾಕೇ. ಮುಂದಿನ ವಾರ ಯಾವ ತಮಿಳು ಪಿಕ್ಚರ್ ಬರುತ್ತೆ ನೋಡು, ಹೋಗೋಣ. ನೀನು ನನ್ನ ಎಡಗಡೆ ಕೂತ್ಕೋ. ಆ ಕಡೆ ನಂಗೆ ಹೇಗೂ ಏನೂ ಕಾಣಲ್ಲ, ನೀನು ಹೇಳಿದ್ದೇ ಕಥೆ.’