ಎಡತೋಳಿನ ಗುಂಡಿಗಳು

ದರ್ಜಿಗೆ ಸುಳ್ಳು ಹೊಸದೇನಲ್ಲ. ‘ನಾಳೆ ಖಂಡಿತ ಕೊಡ್ತೀನಿ’ ಎಂದು ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದವನು. ಆದರೆ ಆ ಬುಧವಾರ ಆಸ್ಪತ್ರೆಯಲ್ಲಿ ಹೇಳಹೊರಟ ಸುಳ್ಳಿದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಅವನ ತಲೆ ತಗ್ಗುತ್ತದೆ.

ಅವನಿಗೆ ಅವಳಿ ಹೆಣ್ಣುಮಕ್ಕಳು. ಬಸಿರಲ್ಲಿ ಇಬ್ಬರಿಗೂ ಒಂದೇ ಮಾಸು. ಅದರೊಳಗೆ ಕೂಡಿಕೊಂಡಿದ್ದ ನಾಳಗಳಲ್ಲಿ ರಕ್ತವೆಲ್ಲ ಒಂದು ಕೂಸಿನ ಕಡೆ ಹರಿದು ಇನ್ನೊಂದು ಸೊರಗುತ್ತಿತ್ತು. ಐದನೇ ತಿಂಗಳಲ್ಲಿ ಡಾಕ್ಟರಮ್ಮ ಹೊಟ್ಟೆಯೊಳಗೆ ಸಪೂರ ನಳಿಕೆ ಇಳಿಸಿ, ಆ ರಕ್ತನಾಳಗಳನ್ನು ಲೇಸರಿನಿಂದ ಸುಟ್ಟು ಮುಚ್ಚಿದರು. ‘ಇಬ್ಬರೂ ಉಳೀಬಹುದು, ಒಬ್ಬರೇ ಉಳೀಬಹುದು, ಯಾರೂ ಉಳೀದೇನೂ ಇರಬಹುದು’ ಎಂದು ಮೊದಲೇ ಹೇಳಿದ್ದರು. ಇಬ್ಬರೂ ಉಳಿದರು. ಮಕ್ಕಳ ಫೋಟೋ ಆಸ್ಪತ್ರೆಯ ಗೋಡೆ ಏರಿತು, ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುರುತಿಗೆಂದು ಚೂಟಿಗೆ ಕೆಂಪು ಕಾಲರು, ಪುಟ್ಟಿಗೆ ನೀಲಿ ಕಾಲರು ತಾನೇ ಹೊಲಿದ. ನರ್ಸುಗಳೂ ಅದನ್ನೇ ನೋಡಿ ಮಾತಾಡಿಸುತ್ತಿದ್ದರು.

ಚೂಟಿ ಹನ್ನೊಂದನೇ ತಿಂಗಳಿಗೇ ನಡೆದಳು. ಪುಟ್ಟಿ ಎರಡು ವರ್ಷವಾದರೂ ಕುಂಡಿ ಎಳೆದುಕೊಂಡೇ ಓಡಾಡುತ್ತಿದ್ದಳು. ಎಡಗೈ ಸೆಟೆದೇ ಇತ್ತು. ಅಂಗಡಿ ಮುಂದೆ, ಮನೆ ಹಿಂದೆ. ಗಿರಾಕಿಗಳು ‘ಇನ್ನೊಬ್ಬಳೆಲ್ಲಿ?’ ಎಂದರೆ ದರ್ಜಿ ‘ಮಲಗಿದ್ದಾಳೆ’ ಎಂದು ನಡುಬಾಗಿಲು ಎಳೆದುಕೊಳ್ಳುತ್ತಿದ್ದ.

ಎರಡು ವರ್ಷ ತುಂಬಿದ ಮೇಲೆ ಮಕ್ಕಳ ಬೆಳವಣಿಗೆ ನೋಡಲು ಆಸ್ಪತ್ರೆ ಕರೆಯಿತು. ಸೋಮವಾರ ಚೂಟಿ, ಬುಧವಾರ ಪುಟ್ಟಿ. ಬುಧವಾರ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ದರ್ಜಿ ಪುಟ್ಟಿಯ ನೀಲಿ ಕಾಲರಿನ ಅಂಗಿಯನ್ನು ಚೀಲದಲ್ಲಿ ತುರುಕಿ ಚೂಟಿಯನ್ನೇ ಎತ್ತಿಕೊಂಡ.

“ಅಳಿಯಂದ್ರೇ, ಇವತ್ತು ಪುಟ್ಟೀದಲ್ವಾ?” ಎಂದರು ಅತ್ತೆ.

“ಅವಳಿಗೆ ನೆಗಡಿ ಅತ್ತೆ,” ಎಂದು ಹೊರಟೇಬಿಟ್ಟ. ದಾರಿಯಲ್ಲಿ ಅಂಗಿ ಬದಲಿಸಿದ.

ಪರೀಕ್ಷೆಯ ಕೋಣೆಗೆ ಕಾಲಿಟ್ಟದ್ದೇ ಚೂಟಿ ನೆಟ್ಟಗೆ ಓಡಿ, ಮೂರನೇ ಡ್ರಾಯರು ಎಳೆದು ಸೋಮವಾರ ಆಡಿದ್ದ ಚೆಂಡನ್ನೇ ತೆಗೆದಳು. ಪರೀಕ್ಷೆ ಮಾಡುವ ಮೇಡಂ ಹುಬ್ಬೇರಿಸಿದರು. ಆಮೇಲೆ ಅವರ ಕಣ್ಣು ಅಂಗಿಯ ಮೇಲೆ ನಿಂತಿತು.

“ಎಡತೋಳಿಗೆ ಮಾತ್ರ ಹೆಗಲ ತನಕ ಗುಂಡಿ ಯಾಕೆ?”

ಅಯ್ಯೋ! ಪುಟ್ಟಿಯ ಕೈ ಮಡಚುವುದಿಲ್ಲವೆಂದು ಅವನೇ ತೋಳನ್ನು ಉದ್ದಕ್ಕೆ ಸೀಳಿ ಗುಂಡಿ ಇಟ್ಟಿದ್ದ. ಹೊಲಿದು ಹೊಲಿದು ಅದು ಇದೆಯೆಂಬುದೇ ಮರೆತುಹೋಗಿತ್ತು.

“ಫ್ಯಾಷನ್ನು ಮೇಡಂ.”

“ಒಳ್ಳೇ ಯೋಚನೆ ಮಾಡಿ ಹೊಲಿದಿದ್ದೀರಿ. ಕೈ ಸೆಟೆದಿರೋ ಮಗುಗೆ ಹೀಗೇ ಇರ್ಬೇಕು. ಆ ಮಗು ಎಲ್ಲಿ?”

ನೆಲ ಬಾಯಿಬಿಡಬಾರದೇ ಎನಿಸಿತು. “ಗೋಡೆ ಮೇಲೆ ಫೋಟೋ ಹಾಕಿದ್ದಾರೆ... ಡಾಕ್ಟರಮ್ಮನಿಗೆ ಯಾವ ಮುಖ ತೋರಿಸ್ಲಿ ಮೇಡಂ?”

“ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ ಕಣ್ರೀ. ಇಬ್ಬರೂ ಚೆನ್ನಾಗಿದ್ದಾರೆ ಅಂತ ನಾನು ಬರೆದಿದ್ರೆ, ಕೈಕಾಲಿಗೆ ವ್ಯಾಯಾಮ ಕಲಿಸೋರ ಹತ್ರ ಅವಳನ್ನ ಯಾರು ಕಳಿಸ್ತಿದ್ರು? ಈಗಾಗ್ಲೇ ತಡ ಆಗಿದೆ. ನಾಲ್ಕು ಗಂಟೆ ತನಕ ಇರ್ತೀನಿ, ಕರ್ಕೊಂಡು ಬನ್ನಿ.”

ಮನೆಯಲ್ಲಿ ಪುಟ್ಟಿ ಬರಿಮೈಯಲ್ಲಿ ಹೊಸ್ತಿಲ ಹತ್ತಿರ ಕೂತಿದ್ದಳು. “ಅಂಗಿ ಹಾಕು, ಅಪ್ಪನ ಜೊತೆ ಹೋಗ್ಬೇಕು ಅಂತ ಬೆಳಗ್ಗೆಯಿಂದ ಒಂದೇ ಹಟ,” ಎಂದ ಅತ್ತೆಯ ಕಣ್ಣು ಚೂಟಿಯ ಮೈಮೇಲಿದ್ದ ನೀಲಿ ಕಾಲರಿಗೆ ಬಿತ್ತು. ಅವರು ಚೂಟಿಯನ್ನು ಅವನ ಕೈಯಿಂದ ಎತ್ತಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಅಂಗಿ ಬಿಚ್ಚಿ ಪುಟ್ಟಿಗೆ ತೊಡಿಸಿ, ಮಣಿಕಟ್ಟಿನಿಂದ ಹೆಗಲವರೆಗೆ ಗುಂಡಿ ಹಾಕಿದ. ಅವಳನ್ನು ಎತ್ತಿಕೊಂಡು, ಹಿತ್ತಿಲ ಬಾಗಿಲು ಬಿಟ್ಟು, ಮೊದಲ ಸಲ ಅಂಗಡಿಯೊಳಗಿಂದ ಹೊರಟ. ಅಳತೆಗೆ ಬಂದಿದ್ದ ಹಳೆಯ ಗಿರಾಕಿ ನಕ್ಕರು.

“ಓಹೋ, ಯಾವಾಗ್ಲೂ ಮಲಗೇ ಇರೋಳು ಇವಳೇನಾ? ಅಂತೂ ಇವತ್ತು ಎದ್ದಳಲ್ಲ!”

ದರ್ಜಿ ಬಾಗಿಲಲ್ಲೇ ನಿಂತ. ಪುಟ್ಟಿಯ ಬಲಗೈ ಅವನ ಕೊರಳು ಬಳಸಿತ್ತು.

“ಅವಳು ಯಾವಾಗ್ಲೂ ಎದ್ದೇ ಇದ್ಲು ಸ್ವಾಮಿ,” ಎಂದ. “ನಾನೇ ಸುಳ್ಳು ಹೇಳ್ತಿದ್ದೆ.”